ಸಾಲದ ಊರಿನಲ್ಲಿ ಪಾಲಿನ ಮಾತು

(ದತ್ತಿ ಉಪನ್ಯಾಸದ ಪಠ್ಯ)



ದತ್ತಿ ಉಪನ್ಯಾಸದ ಏರ್ಪಾಡು ಹೇಗಿರುತ್ತದೆಂದು ನಿಮಗೆಲ್ಲ ಗೊತ್ತು. ಹಿರಿಯರೊಬ್ಬರ ನೆನಪಿಗೆ ಒಂದಿಷ್ಟು ಹಣವನ್ನು ಬ್ಯಾಂಕಿನಲ್ಲಿಡುತ್ತಾರೆ. ಅಸಲನ್ನು ಮುಟ್ಟುವಂತಿಲ್ಲ, ಬರುವ ಬಡ್ಡಿಯಲ್ಲಿ ವರ್ಷಕ್ಕೊಂದು ಕಾರ್ಯಕ್ರಮ ನಡೆಯಬೇಕು. ಅಸಲು ಉಳಿಯಬೇಕೆಂಬ ಈ ಎಚ್ಚರ ನಮ್ಮ ಉಡುಪಿ ಜಿಲ್ಲೆಗೆ ರಕ್ತಗತವಾದದ್ದು. ಅದನ್ನು ನಾನು ಗೌರವಿಸುತ್ತೇನೆ. ಆದರೆ ಇವತ್ತು ನಾನು ಆಯ್ದುಕೊಂಡಿರುವುದು ಅಸಲೇ ಹೋಗಬಹುದಾದ ಹಣದ ವಿಷಯ. ಆಗತಾನೇ ಹುಟ್ಟಿದ ಉದ್ಯಮಕ್ಕೆ ಆದಾಯವಿರುವುದಿಲ್ಲ, ಅಡವಿಡಲು ಆಸ್ತಿಯಿರುವುದಿಲ್ಲ. ಬ್ಯಾಂಕು ಅದಕ್ಕೆ ಸಾಲ ಕೊಡುವುದಿಲ್ಲ. ಕೊಡದಿರುವುದು ಬ್ಯಾಂಕಿನ ತಪ್ಪೂ ಅಲ್ಲ, ಯಾಕೆಂದರೆ ಅದು ಬೇರೆಯವರ ಠೇವಣಿಗೆ ಜವಾಬ್ದಾರ. ಇಂಥ ಹೊತ್ತಿನಲ್ಲಿ ತಮ್ಮ ಸ್ವಂತ ಹಣ ಹಾಕಿ, ಬಡ್ಡಿ ಕೇಳದೆ, ಕಂಪನಿಯ ಷೇರನ್ನು ಪಡೆದು ಕಾಯುವವರನ್ನು ಏಂಜೆಲ್ ಹೂಡಿಕೆದಾರರು ಎನ್ನುತ್ತಾರೆ. ಅವರು ಕಟ್ಟಿಕೊಂಡ ಸಂಘಗಳೇ ನನ್ನ ವಿಷಯ.

ಸಾಲ ಕೊಡುವುದನ್ನು ದೇಶಕ್ಕೇ ಹೇಳಿಕೊಟ್ಟ ಈ ಜಿಲ್ಲೆಯಲ್ಲಿ ಪಾಲು ಹಾಕುವ ರೂಢಿ ತಪ್ಪಿಹೋಗಿದೆ. ಅದನ್ನು ಮತ್ತೆ ತರಬೇಕಾದರೆ ನಮಗೆ ಹಣಕ್ಕಿಂತ ಹೆಚ್ಚಾಗಿ ಒಂದು ಸಂಘ ಬೇಕು. ನಾನು ಹೇಳಬೇಕೆಂದಿರುವುದು ಇಷ್ಟೇ.

1906ರ ಮಾರ್ಚ್ 12ರಂದು ಇದೇ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬರು ತಮ್ಮ ಜೊತೆಗಾರರೊಂದಿಗೆ ಕೆನರಾ ಬ್ಯಾಂಕಿಂಗ್ ಕಾರ್ಪೊರೇಶನ್ ಆರಂಭಿಸಿದರು. ಮೂಲ ಬಂಡವಾಳ 5,000 ರೂಪಾಯಿ. ಮೊದಲ ದಿನ ಬಾಗಿಲು ಹಾಕುವಾಗ ಕೈಯಲ್ಲಿದ್ದದ್ದು 38 ರೂಪಾಯಿ 13 ಆಣೆ 2 ಪೈ. ಕಾರ್ಪೊರೇಶನ್ ಬ್ಯಾಂಕ್ ಬೆಳೆದದ್ದು ಅಲ್ಲಿಂದ. ಅದೇ ವರ್ಷದ ಜುಲೈಯಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಹಿಂದೂ ಪರ್ಮನೆಂಟ್ ಫಂಡ್ ತೆರೆದರು, ಅದೇ ಇಂದಿನ ಕೆನರಾ ಬ್ಯಾಂಕ್. 1925ರಲ್ಲಿ ಮತ್ತೆ ಉಡುಪಿಯಲ್ಲಿ ಉಪೇಂದ್ರ ಅನಂತ ಪೈ, ಡಾ. ಟಿ.ಎಂ.ಎ. ಪೈ, ವಾಮನ ಶ್ರೀನಿವಾಸ ಕುಡ್ವ ಈ ಮೂವರು 8,000 ರೂಪಾಯಿ ಬಂಡವಾಳದಿಂದ ಕೆನರಾ ಇಂಡಸ್ಟ್ರಿಯಲ್ ಆಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಕಟ್ಟಿದರು, ಅದೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. ಆಗ ಕೈಮಗ್ಗ ಕುಸಿದು ನೇಕಾರರು ಕಂಗಾಲಾಗಿದ್ದರು, ಅವರನ್ನು ಎತ್ತಬೇಕೆಂಬುದೇ ಅದರ ಮೊದಲ ಉದ್ದೇಶ. 1928ರಲ್ಲಿ ಪಿಗ್ಮಿ ಠೇವಣಿ ಬಂತು. ದಿನಕ್ಕೆ ಎರಡಾಣೆ ಉಳಿಸಿದರೂ ಸಾಕು, ಏಜೆಂಟರು ಮನೆಬಾಗಿಲಿಗೆ ಬಂದು ಒಯ್ಯುತ್ತಿದ್ದರು.

ಈ ಕಥೆಯನ್ನು ನಾವು ಸಾಮಾನ್ಯವಾಗಿ ಉಳಿತಾಯದ ಕಥೆಯಾಗಿ ಹೇಳುತ್ತೇವೆ. ಅದು ಅರ್ಧ ಸತ್ಯ. ಆ 5,000 ರೂಪಾಯಿ ಠೇವಣಿಯಲ್ಲ, ಆ 8,000 ರೂಪಾಯಿಯೂ ಠೇವಣಿಯಲ್ಲ. ಎರಡೂ ಪಾಲು ಬಂಡವಾಳ. ಬ್ಯಾಂಕು ಮುಳುಗಿದ್ದರೆ ಅದೂ ಮುಳುಗುತ್ತಿತ್ತು. 1880ರಿಂದ 1935ರ ನಡುವೆ ಅವಿಭಜಿತ ದಕ್ಷಿಣ ಕನ್ನಡದಲ್ಲಿ ಇಪ್ಪತ್ತಕ್ಕೂ ಹೆಚ್ಚು ಬ್ಯಾಂಕುಗಳು ಹುಟ್ಟಿದವು, ಬೆಳೆದು ದೇಶವ್ಯಾಪಿಯಾದದ್ದು ಬೆರಳೆಣಿಕೆಯಷ್ಟು. ಉಳಿದವುಗಳಲ್ಲಿ ಪಾಲು ಹಾಕಿದವರಿಗೂ ತಮ್ಮ ಹಣ ಬೆಳೆಯುತ್ತದೋ ಕರಗುತ್ತದೋ ಮೊದಲೇ ಗೊತ್ತಿರಲಿಲ್ಲ. ಪಿಗ್ಮಿಯ ಎರಡಾಣೆಗೆ ಭದ್ರತೆ ಒದಗಿಸಿದ್ದು ಭದ್ರತೆಯಿಲ್ಲದ ಆ ಮೊದಲ ಹಣ. ನಮ್ಮ ಬ್ಯಾಂಕುಗಳ ಶತಮಾನೋತ್ಸವಗಳಲ್ಲಿ ಈ ಮಾತಿಗೆ ಸಿಗಬೇಕಾದ ಮಹತ್ವ ಸಿಕ್ಕಿಲ್ಲವೆಂದು ನನ್ನ ಅನಿಸಿಕೆ.

ಇನ್ನೂ ಹಳೆಯದೊಂದು ಉದಾಹರಣೆ ಕಡಲ ದಂಡೆಯಲ್ಲಿದೆ. ಮಲ್ಪೆಯಿಂದ ಕಾಪುವಿನವರೆಗೆ, ಅದರಾಚೆಗೂ, ಮೊಗವೀರರ ರಂಪಣಿ ಬಲೆ ಒಬ್ಬನ ಆಸ್ತಿಯಾಗಿರಲಿಲ್ಲ. ದಡದಿಂದ ದೋಣಿಯಲ್ಲಿ ಒಯ್ದು ಬೂತಾಯಿ, ಬಂಗುಡೆಯ ಹಿಂಡನ್ನು ಸುತ್ತುವರಿದು, ಎರಡೂ ತುದಿಗಳಿಂದ ಹತ್ತಾರು ಜನ ಎಳೆಯಬೇಕಾದಷ್ಟು ಉದ್ದದ ಬಲೆ ಅದು. ಒಂದೊಂದು ಮನೆಯವರು ಒಂದೊಂದು ತುಂಡು ಬಲೆ ಕೊಟ್ಟು ಸೇರಿಸುತ್ತಿದ್ದರು. ಬಲೆ ಕೊಟ್ಟವರಿಗೂ ಪಾಲು, ಮೈಮುರಿದು ಎಳೆದವರಿಗೂ ಪಾಲು. ಮೀನು ಬೀಳದ ದಿನ ಯಾರಿಗೂ ಇಲ್ಲ. ಇಂಥ ಕೂಟಕ್ಕೆ ನಮ್ಮ ಕರಾವಳಿಯಲ್ಲಿ ‘ಫಂಡ್’ ಎಂದೇ ಹೆಸರು, ಕೈರಂಪಣಿ ಫಂಡುಗಳು ಈಗಲೂ ಇವೆ. ಏಂಜೆಲ್ ಹೂಡಿಕೆದಾರರ ಕೂಟ ಮಾಡುವುದು ಹೆಚ್ಚುಕಡಿಮೆ ಇದನ್ನೇ.

ಆದರೆ ರಂಪಣಿಯ ಕಥೆಗೆ ಕಹಿಯಾದ ಇನ್ನೊಂದು ಭಾಗವಿದೆ. 1970ರ ದಶಕದ ನಡುವಿನಲ್ಲಿ ಯಂತ್ರಚಾಲಿತ ಪರ್ಸೀನ್ ಬೋಟುಗಳು ಬಂದವು. ಕೆಲವೇ ವರ್ಷಗಳಲ್ಲಿ ದೊಡ್ಡ ರಂಪಣಿ ಮೂಲೆ ಸೇರಿತು. ಹಳೆಯ ಬಲೆಯಲ್ಲಿ ಪಾಲಿದ್ದ ಎಲ್ಲರಿಗೂ ಹೊಸ ಬೋಟಿನಲ್ಲಿ ಪಾಲು ಸಿಗಲಿಲ್ಲ. ಪಾಲುದಾರರಾಗಿದ್ದ ಹಲವರು ಕೂಲಿಗೆ ಹೋದರು. ಹೊಸ ಉಪಕರಣ ಬಂದಾಗ ಅದರಲ್ಲಿ ಪಾಲು ಯಾರದು ಎಂಬ ಪ್ರಶ್ನೆ ಅಂದು ದಡದಲ್ಲಿ ಎಷ್ಟು ತೀವ್ರವಾಗಿತ್ತೋ ಇಂದು ಮಣಿಪಾಲದ ಪ್ರಯೋಗಾಲಯದಲ್ಲೂ ಅಷ್ಟೇ ತೀವ್ರವಾಗಿದೆ.

ಬ್ಯಾಂಕುಗಳಿಗೆ ಏನಾಯಿತೆಂದು ವಿವರಿಸಬೇಕಾಗಿಲ್ಲ. 2019ರ ಏಪ್ರಿಲ್ 1ರಂದು ಇದೇ ಕರಾವಳಿಯ ವಿಜಯಾ ಬ್ಯಾಂಕ್ ಬರೋಡಾ ಬ್ಯಾಂಕಿನಲ್ಲಿ ಸೇರಿತು, ಮರುವರ್ಷ ಅದೇ ದಿನ ಸಿಂಡಿಕೇಟ್ ಕೆನರಾದಲ್ಲಿಯೂ ಕಾರ್ಪೊರೇಶನ್ ಯೂನಿಯನ್ ಬ್ಯಾಂಕಿನಲ್ಲಿಯೂ ವಿಲೀನವಾದವು. ಅದಕ್ಕಾಗಿ ಮರುಗುವುದು ಇವತ್ತಿನ ಕೆಲಸವಲ್ಲ. ಠೇವಣಿಗೆ ಹೋಲಿಸಿದರೆ ಸಾಲ ಕಡಿಮೆ ಎಂಬುದು ನಮ್ಮ ಜಿಲ್ಲೆಯ ಹಳೆಯ ಕೊರಗು. ಕೊಲ್ಲಿ ದೇಶಗಳಿಂದ, ಮುಂಬಯಿಯ ಹೋಟೆಲುಗಳಿಂದ ಬಂದ ಹಣ ಇಲ್ಲಿ ಜಮೆಯಾಗುತ್ತದೆ, ದುಡಿಯುವುದು ಬೇರೆಡೆ. ಮಿಕ್ಕದ್ದು ಚಿನ್ನಕ್ಕೆ, ಬೆಂಗಳೂರಿನ ಫ್ಲ್ಯಾಟಿಗೆ. ಊರಿನಲ್ಲಿ ಹಣವಿಲ್ಲವೆಂದು ಮಾತ್ರ ಯಾರೂ ಹೇಳಲಾರರು.

ಹಾಗಾದರೆ ಹಣ ಬೇಡುವವರಿದ್ದಾರೆಯೆ? ಇದ್ದಾರೆ. ಮಣಿಪಾಲದ ಬ್ಲ್ಯಾಕ್‌ಫ್ರಾಗ್ ಟೆಕ್ನಾಲಜೀಸ್ ಎಂಬ ಚಿಕ್ಕ ಕಂಪನಿ ‘ಎಂವೋಲಿಯೋ’ ಎಂಬ ಲಸಿಕೆ ಪೆಟ್ಟಿಗೆ ರೂಪಿಸಿತು. ಲಸಿಕೆ ಕೆಡದಂತೆ 2ರಿಂದ 8 ಡಿಗ್ರಿಯ ನಡುವೆ ತಂಪಾಗಿರಿಸಿ ಕೊನೆಯ ಹಳ್ಳಿಯವರೆಗೆ ಹೊತ್ತೊಯ್ಯುವ ಸಾಧನ ಅದು, ವಿಶ್ವ ಆರೋಗ್ಯ ಸಂಸ್ಥೆಯ ಮಾನ್ಯತೆಯನ್ನೂ ಪಡೆಯಿತು. ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಲಸಿಕೆ ಒಯ್ದ ಆರೋಗ್ಯ ಕಾರ್ಯಕರ್ತೆಯರಿಗೆ ಅದರ ಬೆಲೆ ಗೊತ್ತು. ಮಣಿಪಾಲದಲ್ಲಿ ಹೊಸ ಉದ್ಯಮಗಳನ್ನು ಸಾಕಿ ಬೆಳೆಸುವ, ಕೇಂದ್ರದ ನೆರವಿನ ಇನ್‌ಕ್ಯುಬೇಟರ್ ಇದೆ, ರಾಜ್ಯ ಸರ್ಕಾರದ ಜೊತೆಗೂಡಿದ ಬಯೋಇನ್‌ಕ್ಯುಬೇಟರ್ ಇದೆ. ಕಾರ್ಕಳ ತಾಲೂಕಿನ ನಿಟ್ಟೆಯಲ್ಲಿ ಅಟಲ್ ಇನ್‌ಕ್ಯುಬೇಶನ್ ಕೇಂದ್ರವಿದೆ. ಉಡುಪಿಯಲ್ಲಿ 1996ರಲ್ಲಿ ರೋಹಿತ್ ಭಟ್ ಆರಂಭಿಸಿದ ರೋಬೋಸಾಫ್ಟ್ ಕಂಪನಿಯನ್ನು 2021ರಲ್ಲಿ ಜಪಾನಿನ ಟೆಕ್ನೋಪ್ರೋ 805 ಕೋಟಿ ರೂಪಾಯಿಗೆ ಕೊಂಡುಕೊಂಡಿತು. ಉಡುಪಿಯಲ್ಲಿ ಹುಟ್ಟಿದ ಸಾಫ್ಟ್‌ವೇರ್ ಕಂಪನಿಗೆ ಅಷ್ಟು ಬೆಲೆ ಬರಬಹುದೆಂದು ಆಗ ಯಾರು ನಂಬುತ್ತಿದ್ದರು? ನಂಬಿದವರಿದ್ದರೂ ಊರಿನವರೆಲ್ಲ ಕೂಡಿ ಪಾಲು ಹಾಕಲು 1996ರಲ್ಲಿ ಒಂದು ವೇದಿಕೆ ಇರಲಿಲ್ಲ. ಇಲ್ಲಿ ಮಾತ್ರವಲ್ಲ, ದೇಶದಲ್ಲೇ ಇರಲಿಲ್ಲ. ಇಂಡಿಯನ್ ಏಂಜೆಲ್ ನೆಟ್‌ವರ್ಕ್ ಮತ್ತು ಮುಂಬೈ ಏಂಜೆಲ್ಸ್ ಹುಟ್ಟಿದ್ದು 2006ರಲ್ಲಿ, ಚೆನ್ನೈ ಏಂಜೆಲ್ಸ್ ಮರುವರ್ಷ. ಅಮೆರಿಕದ ಸಿಲಿಕಾನ್ ಕಣಿವೆಯಲ್ಲಿ ಇಂಥ ಕೂಟಗಳಿಗೆ ಮಾದರಿಯಾದ ಬ್ಯಾಂಡ್ ಆಫ್ ಏಂಜೆಲ್ಸ್ ಕೂಡ ಶುರುವಾದದ್ದು 1994ರಲ್ಲಿ. ತಂತ್ರಜ್ಞಾನ ಕಂಪನಿಗಳಲ್ಲಿ ದುಡಿದು ಹಣ ಕಂಡವರು ತಿಂಗಳಿಗೊಮ್ಮೆ ರಾತ್ರಿಯೂಟಕ್ಕೆ ಸೇರಿ ಹೊಸಬರ ಮಾತು ಕೇಳುತ್ತಿದ್ದರು, ಅಷ್ಟೇ.

ಈಗ ಹೊಸ ಉದ್ಯಮಿಗೆ ಮೊದಲ ಮೆಟ್ಟಿಲು ಅಷ್ಟು ಕಷ್ಟವಲ್ಲ. ಜೈವಿಕ ತಂತ್ರಜ್ಞಾನದವರಿಗೆ ಕೇಂದ್ರದ ಬೈರಾಕ್ ಸಂಸ್ಥೆಯಿಂದ 50 ಲಕ್ಷದವರೆಗೆ ಅನುದಾನವಿದೆ. 2021ರಲ್ಲಿ ಬಂದ 945 ಕೋಟಿಯ ಸ್ಟಾರ್ಟ್‌ಅಪ್ ಇಂಡಿಯಾ ಬೀಜಧನ ಯೋಜನೆಯಲ್ಲಿ ಇನ್‌ಕ್ಯುಬೇಟರುಗಳ ಮೂಲಕ 20 ಲಕ್ಷದವರೆಗೆ ಅನುದಾನ, 50 ಲಕ್ಷದವರೆಗೆ ಹೂಡಿಕೆ ಅಥವಾ ಸಾಲ ಸಿಗುವಂತಾಯಿತು. ರಾಜ್ಯದ ‘ಎಲಿವೇಟ್’ ಅನುದಾನ ಯೋಜನೆಯಿದೆ. ಈ ಹಣದಲ್ಲಿ ಮಾದರಿ ತಯಾರಾಗುತ್ತದೆ. ಮಾದರಿಯನ್ನು ಮಾರಾಟದ ವಸ್ತುವನ್ನಾಗಿ ಮಾಡಬೇಕಲ್ಲ, ಅಚ್ಚು ಮಾಡಿಸಬೇಕು, ಪ್ರಮಾಣಪತ್ರ ಪಡೆಯಬೇಕು, ನಾಲ್ಕು ಜನರಿಗೆ ಸಂಬಳ ಕೊಡಬೇಕು. ಅದಕ್ಕೆ ಐವತ್ತು ಲಕ್ಷದಿಂದ ಎರಡು ಕೋಟಿ ಬೇಕು. ಸರ್ಕಾರ ಅಷ್ಟು ಕೊಡುವುದಿಲ್ಲ, ದೊಡ್ಡ ವೆಂಚರ್ ಬಂಡವಾಳದವರು ಅಷ್ಟು ಚಿಕ್ಕದಕ್ಕೆ ಬರುವುದಿಲ್ಲ. ನಮ್ಮ ಹುಡುಗರು ಬೆಂಗಳೂರಿನ ರಾತ್ರಿ ಬಸ್ಸು ಹತ್ತುವುದು ಇಲ್ಲಿ. ಮೊದಮೊದಲು ಹಣಕ್ಕೆಂದು ಹೋಗಿ ಬರುತ್ತಾರೆ, ಆಮೇಲೆ ಕಂಪನಿಯನ್ನೇ ಅಲ್ಲಿಗೆ ಒಯ್ಯುತ್ತಾರೆ. ಹಣ ಹಾಕಿದವನು ಕಣ್ಣೆದುರಿಗೇ ಇರಬೇಕೆಂದು ಬಯಸುವುದು ಸಹಜ.

ಏಂಜೆಲ್ ಸಂಘದಲ್ಲಿ ನಡೆಯುವುದೇನೆಂದು ಸ್ವಲ್ಪ ವಿವರಿಸುತ್ತೇನೆ. ಸದಸ್ಯರು ವಾರ್ಷಿಕ ಚಂದಾ ಕೊಡುತ್ತಾರೆ. ಬಂದ ಅರ್ಜಿಗಳಲ್ಲಿ ಕೆಲವನ್ನು ಮಾತ್ರ ಸಭೆಗೆ ಕರೆಯುತ್ತಾರೆ. ಉದ್ಯಮಿ ಹತ್ತು ಹದಿನೈದು ನಿಮಿಷ ಹೇಳಿ ಪ್ರಶ್ನೆಗಳಿಗೆ ಉತ್ತರಿಸುತ್ತಾನೆ. ಮನಸ್ಸಾದ ಸದಸ್ಯರು ಒಂದು ಗುಂಪಾಗುತ್ತಾರೆ, ಆ ಕ್ಷೇತ್ರ ಬಲ್ಲವರೊಬ್ಬರು ಮುಂದಾಳಾಗುತ್ತಾರೆ. ಆಮೇಲೆ ತಪಾಸಣೆ. ಲೆಕ್ಕಪತ್ರ ಸರಿಯಿದೆಯೆ, ಪೇಟೆಂಟು ಉದ್ಯಮಿಯ ಹೆಸರಲ್ಲಿದೆಯೋ ಕಾಲೇಜಿನ ಹೆಸರಲ್ಲಿದೆಯೋ, ಮೂವರು ಗೆಳೆಯರು ಸೇರಿ ಕಟ್ಟಿದ್ದಾದರೆ ಒಬ್ಬ ಬಿಟ್ಟುಹೋದರೆ ಅವನ ಷೇರು ಏನಾಗುತ್ತದೆ, ಗಿರಾಕಿಗಳು ನಿಜವೆ ಎಂದು ನೋಡುತ್ತಾರೆ. ಕಂಪನಿಗೆ ಒಂದು ಬೆಲೆ ಕಟ್ಟಿ ಕರಾರು ಬರೆಯುತ್ತಾರೆ. ಸಂಘ ಯಾರ ಮೇಲೂ ಒತ್ತಾಯ ಹೇರುವುದಿಲ್ಲ, ಹಾಕುವ ಬಿಡುವ ನಿರ್ಧಾರ ಒಬ್ಬೊಬ್ಬರದು. ಹಾಕಿದ ಮೇಲೆ ಏಳೆಂಟು ವರ್ಷ ಕಾಯುವ ತಾಳ್ಮೆ ಬೇಕು.

ಅಪಾಯ ಎಷ್ಟು? 2007ರಲ್ಲಿ ರಾಬರ್ಟ್ ವಿಲ್ಟ್‌ಬ್ಯಾಂಕ್ ಮತ್ತು ವಾರೆನ್ ಬೋಕರ್ ಉತ್ತರ ಅಮೆರಿಕದ ಏಂಜೆಲ್ ಕೂಟಗಳ ಸದಸ್ಯರ 1,100ಕ್ಕೂ ಹೆಚ್ಚು ಮುಗಿದ ಹೂಡಿಕೆಗಳನ್ನು ಅಧ್ಯಯನ ಮಾಡಿದರು. ಅವುಗಳಲ್ಲಿ ಶೇಕಡ 52ರಲ್ಲಿ ಹಾಕಿದಷ್ಟು ಹಣವೂ ಮರಳಲಿಲ್ಲ. ಬಂದ ಲಾಭದ ಮುಕ್ಕಾಲು ಪಾಲು ಬಂದದ್ದು ಕೇವಲ ಶೇಕಡ 7ರಷ್ಟು ಹೂಡಿಕೆಗಳಿಂದ. ಹೀಗಿರುವಾಗ ನಿಮ್ಮಲ್ಲಿರುವ ಮೂವತ್ತು ಲಕ್ಷವನ್ನು ಪರಿಚಯದ ಒಬ್ಬನ ಕಂಪನಿಗೆ ಹಾಕಿದರೆ ಅದು ಹೋಗುವ ಸಂಭವವೇ ಹೆಚ್ಚು. ಹತ್ತು ಜನ ಸೇರಿ, ಒಬ್ಬೊಬ್ಬರು ಮೂರು ಮೂರು ಲಕ್ಷದಂತೆ ಹತ್ತು ಕಂಪನಿಗಳಿಗೆ ಹಾಕಿದರೆ ಪ್ರತಿ ಕಂಪನಿಗೂ ಮೂವತ್ತು ಲಕ್ಷ ಸಿಗುತ್ತದೆ, ಐದಾರು ಮುಳುಗಿದರೂ ಒಂದೆರಡು ಕೈಹಿಡಿಯುವ ಅವಕಾಶ ಪ್ರತಿಯೊಬ್ಬರಿಗೂ ಇರುತ್ತದೆ. ಸಂಘ ಯಾಕೆ ಬೇಕೆಂಬುದಕ್ಕೆ ಇದಕ್ಕಿಂತ ಸರಳವಾದ ಉತ್ತರ ನನ್ನಲ್ಲಿಲ್ಲ.

ಅದೇ ಅಧ್ಯಯನದಲ್ಲಿ ನನ್ನನ್ನು ಹೆಚ್ಚು ಸೆಳೆದದ್ದು ಬೇರೆ ಅಂಕಿ. ಹಣ ಹಾಕುವ ಮುಂಚೆ ತಪಾಸಣೆಗೆ 20 ಗಂಟೆಗಿಂತ ಕಡಿಮೆ ಕೊಟ್ಟವರಿಗೆ ಬಂದದ್ದು ಹಾಕಿದ ಹಣದ 1.1 ಪಟ್ಟು. ಅದಕ್ಕಿಂತ ಹೆಚ್ಚು ಕೊಟ್ಟವರಿಗೆ 5.9 ಪಟ್ಟು. ತಾವೇ ದುಡಿದು ಬಲ್ಲ ಕ್ಷೇತ್ರದಲ್ಲಿ ಹೂಡಿದವರ ಫಲ ಉಳಿದವರಿಗಿಂತ ಸುಮಾರು ಇಮ್ಮಡಿ. ಅಮೆರಿಕದ ಅಂಕಿ ಇಲ್ಲಿಗೆ ಹಾಗೆಯೇ ಅನ್ವಯಿಸುವುದಿಲ್ಲ, ನಿಜ. ಆದರೂ ದಿಕ್ಕು ಸ್ಪಷ್ಟ: ಬಲ್ಲವರು ಸಮಯ ಕೊಟ್ಟರೆ ಹಣ ಉಳಿಯುತ್ತದೆ.

ಇಲ್ಲೇ ನಮ್ಮ ಜಿಲ್ಲೆಗೆ ಬೆಂಗಳೂರಿಗಿಲ್ಲದ ಅನುಕೂಲವಿದೆ. ಮೀನು ದಕ್ಕೆಯಿಂದ ಕಾರ್ಖಾನೆಗೆ ಹೋಗುವಷ್ಟರಲ್ಲಿ ಎಲ್ಲಿ ಎಷ್ಟು ಹಾಳಾಗುತ್ತದೆಂದು ಮಲ್ಪೆಯ ಮಂಜುಗಡ್ಡೆ ಸ್ಥಾವರದವರಿಗೆ ಗೊತ್ತು. ಗೇರುಬೀಜದ ಸಿಪ್ಪೆ ಸುಲಿಯುವ ಯಂತ್ರ ಎಷ್ಟು ತಿರುಳನ್ನು ಇಡಿಯಾಗಿ ಕೊಡುತ್ತದೆ, ಎಷ್ಟನ್ನು ಒಡೆಯುತ್ತದೆ ಎಂದು ಕಾರ್ಕಳದ ಕಾರ್ಖಾನೆಯ ಮಾಲೀಕರು ನೋಡಿದೊಡನೆ ಹೇಳಬಲ್ಲರು. ಕಾಪು ತಾಲೂಕಿನ ಶಂಕರಪುರದ ಮಲ್ಲಿಗೆಗೆ ದಿನಕ್ಕೊಂದು ದರ, ಚೆಂಡು–ಅಟ್ಟೆ ಎಂಬ ಅಳತೆಯ ಲೆಕ್ಕ, ಮಧ್ಯಾಹ್ನದೊಳಗೆ ಹೂವು ಹೊರಡಲೇಬೇಕು. ಆ ಕೆಲಸವನ್ನು ಹಗುರ ಮಾಡುತ್ತೇನೆಂದು ಆ್ಯಪ್ ಹಿಡಿದು ಬಂದವನಿಗೆ ಆ ಊರಿನ ಹೆಂಗಸರು ಕೇಳುವ ಮೂರು ಪ್ರಶ್ನೆ ಸಾಕು, ಅದು ನಡೆಯುವುದೋ ಇಲ್ಲವೋ ತಿಳಿಯುತ್ತದೆ. ಮಣಿಪಾಲದ ಕೆ.ಎಂ.ಸಿ. ವೈದ್ಯಕೀಯ ಕಾಲೇಜಿನ ನಿವೃತ್ತ ವೈದ್ಯರು ಒಂದು ಸಾಧನವನ್ನು ನರ್ಸುಗಳು ನಿಜವಾಗಿ ಬಳಸುತ್ತಾರೋ ಇಲ್ಲವೋ ಎಂದು ಹೇಳಬಲ್ಲರು. ಎಲ್ಲಕ್ಕಿಂತ ಮಿಗಿಲಾಗಿ, ನಮ್ಮ ಬ್ಯಾಂಕುಗಳು ಹೋದರೂ ಬ್ಯಾಂಕಿನವರು ಇದ್ದಾರೆ. ಸಿಂಡಿಕೇಟ್, ಕಾರ್ಪೊರೇಶನ್, ವಿಜಯಾ ಬ್ಯಾಂಕುಗಳಲ್ಲಿ ಸಾಲದ ಅರ್ಜಿ ಓದಿ ಕಣ್ಣು ಪಳಗಿಸಿಕೊಂಡ ನಿವೃತ್ತ ಅಧಿಕಾರಿಗಳು ಈ ಊರಿನ ಬೀದಿ ಬೀದಿಯಲ್ಲಿದ್ದಾರೆ. ತಪಾಸಣೆಗೆ ಅವರಿಗಿಂತ ತಕ್ಕವರನ್ನು ಎಲ್ಲಿಂದ ತರುವುದು?

ಸಂಘ ಕಟ್ಟುವುದೂ ನಮಗೆ ಹೊಸತಲ್ಲ. ಮುಂಬಯಿಯಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಷ್ಟು ಹಳೆಯದು. ಬಿಲ್ಲವರ ಅಸೋಸಿಯೇಶನ್ನಿನವರು 1978ರಲ್ಲಿ ಭಾರತ್ ಕೋ-ಆಪರೇಟಿವ್ ಬ್ಯಾಂಕನ್ನೇ ಕಟ್ಟಿದರು. ಇವೆಲ್ಲ ಆಯಾ ಸಮುದಾಯದ ಸಂಘಗಳು, ಆ ಕಾಲಕ್ಕೆ ಅದು ಸರಿ. ಇನ್ನು ಕಟ್ಟುವ ಸಂಘ ಜಾತಿಯದಾಗಬಾರದು. ಹಾಜಿ ಅಬ್ದುಲ್ಲಾ ಸಾಹೇಬರ ಊರಿನಲ್ಲಿ ಹಾಗಾಗುವುದು ಸಲ್ಲದು.

ಇನ್ನು ಕಾನೂನು. ಇಲ್ಲಿ ಎಡವಿದರೆ ಎಲ್ಲವೂ ಕೆಡುತ್ತದೆ, ಹಾಗಾಗಿ ತುಸು ನಿಧಾನವಾಗಿ ಹೇಳುತ್ತೇನೆ. ಹಲವರ ಹಣವನ್ನು ಒಂದು ನಿಧಿಯಾಗಿ ಕೂಡಿಸಿ ಹೂಡಬೇಕಾದರೆ ಸೆಬಿಯ ನೋಂದಣಿ ಬೇಕು. 2012ರ ಪರ್ಯಾಯ ಹೂಡಿಕೆ ನಿಧಿ ನಿಯಮಗಳಿಗೆ 2013ರಲ್ಲಿ ಏಂಜೆಲ್ ಫಂಡ್ ಎಂಬ ವಿಭಾಗ ಸೇರಿತು. 2025ರ ಸೆಪ್ಟೆಂಬರ್‌ನಲ್ಲಿ ಸೆಬಿ ಅದನ್ನು ತಿದ್ದಿತು. ಒಂದು ನವೋದ್ಯಮಕ್ಕೆ ಕನಿಷ್ಠ ಹೂಡಿಕೆಯನ್ನು 25 ಲಕ್ಷದಿಂದ 10 ಲಕ್ಷಕ್ಕೆ ಇಳಿಸಿದ್ದು ಒಳ್ಳೆಯದಾಯಿತು. ಆದರೆ ಇನ್ನು ಮುಂದೆ ಮಾನ್ಯತೆ ಪಡೆದ ಹೂಡಿಕೆದಾರರು ಮಾತ್ರ ಅದರಲ್ಲಿ ಸೇರಬಹುದು. ಅಂದರೆ ವರ್ಷಕ್ಕೆ 2 ಕೋಟಿ ಆದಾಯ, ಇಲ್ಲವೇ ಏಳೂವರೆ ಕೋಟಿಯ ಆಸ್ತಿ, ಅದರಲ್ಲೂ ಅರ್ಧ ಹಣಕಾಸಿನ ರೂಪದಲ್ಲಿರಬೇಕು. 1 ಕೋಟಿ ಆದಾಯವಿದ್ದವರಿಗೆ ಆಸ್ತಿಯ ಮಿತಿ 5 ಕೋಟಿ. ತೋಟ, ಮನೆ, ಕಾಂಪ್ಲೆಕ್ಸು ಇದ್ದು ಬ್ಯಾಂಕಿನಲ್ಲಿ ಮಿತವಾಗಿರುವ ನಮ್ಮ ಅನೇಕರು ಈ ಅಳತೆಗೆ ಸಿಗುವುದಿಲ್ಲ. ಸಣ್ಣವರನ್ನು ನಷ್ಟದಿಂದ ಕಾಯುವ ಉದ್ದೇಶ ಅರ್ಥವಾಗುತ್ತದೆ, ಆದರೆ ಸಣ್ಣ ಊರುಗಳ ಮಟ್ಟಿಗೆ ಬೇಲಿ ತೀರಾ ಎತ್ತರವಾಯಿತೆಂದೇ ನನ್ನ ಅಭಿಪ್ರಾಯ.

ಹಾಗಂತ ದಾರಿ ಮುಚ್ಚಿಲ್ಲ. ನಿಧಿ ಕೂಡಿಸದೆ, ಪ್ರತಿಯೊಬ್ಬರೂ ತಮ್ಮ ಖಾತೆಯಿಂದ ನೇರವಾಗಿ ಕಂಪನಿಯ ಖಾತೆಗೆ ಹಣ ಹಾಕಿ ಷೇರು ಪಡೆಯಬಹುದು. ಕಂಪನಿ ಕಾಯ್ದೆಯ ಖಾಸಗಿ ವಿತರಣೆಯ ನಿಯಮದಂತೆ ವರ್ಷಕ್ಕೆ 200 ಜನರವರೆಗೆ ಹೆಸರು ಹಿಡಿದು ಆಹ್ವಾನಿಸಲು ಅವಕಾಶವಿದೆ. ಸಂಘ ಪರಿಚಯಿಸುತ್ತದೆ, ತಪಾಸಣೆ ಮಾಡುತ್ತದೆ, ಹಣ ಮುಟ್ಟುವುದಿಲ್ಲ. ಕೊಲ್ಲಿಯಲ್ಲಿರುವವರು ಹಣವನ್ನು ಮರಳಿ ವಿದೇಶಕ್ಕೆ ಒಯ್ಯುವುದಿಲ್ಲವೆಂಬ ಆಧಾರದಲ್ಲಿ ಹೂಡಿದರೆ ಬಹುಪಾಲು ಕ್ಷೇತ್ರಗಳಲ್ಲಿ ಅದು ದೇಶೀಯ ಹೂಡಿಕೆಯೆಂದೇ ಎಣಿಕೆಯಾಗುತ್ತದೆ. ಇದರ ಜೊತೆಗೆ ಒಂದು ಕಟ್ಟೆಚ್ಚರ: ತಿಂಗಳಿಗೆ ಇಷ್ಟು ಕೊಡುತ್ತೇನೆಂದು ಯಾರಾದರೂ ಹೇಳಿದರೆ ಅದು ಏಂಜೆಲ್ ಹೂಡಿಕೆಯಲ್ಲ. ಅನಿಯಂತ್ರಿತ ಠೇವಣಿ ಯೋಜನೆಗಳನ್ನು 2019ರ ಕಾಯ್ದೆ ನಿಷೇಧಿಸಿದೆ. ಅಂಥವರನ್ನು ಸಂಘದ ಹೊಸ್ತಿಲು ದಾಟಲು ಬಿಡಬಾರದು.

ಸಂಘಗಳು ಸರ್ಕಾರದೊಡನೆ ಮಾತಾಡಲೂ ಬೇಕು. 2012ರ ಬಜೆಟ್ಟಿನಲ್ಲಿ ಬಂದ ‘ಏಂಜೆಲ್ ತೆರಿಗೆ’ ಇದಕ್ಕೆ ಸಾಕ್ಷಿ. ಹೊಸ ಕಂಪನಿ ತನ್ನ ಷೇರನ್ನು ನ್ಯಾಯಬೆಲೆಗಿಂತ ಹೆಚ್ಚಿಗೆ ಮಾರಿದರೆ ಆ ಹೆಚ್ಚುವರಿಯನ್ನು ಆದಾಯವೆಂದು ಎಣಿಸಿ ತೆರಿಗೆ ಹಾಕುವ ನಿಯಮ ಅದು. ಕಪ್ಪುಹಣ ತಡೆಯಲು ತಂದದ್ದು, ತಟ್ಟಿದ್ದು ಇನ್ನೂ ಒಂದು ರೂಪಾಯಿ ಲಾಭ ಕಾಣದವರಿಗೆ. ಹೂಡಿಕೆದಾರರ ಸಂಘಟನೆಗಳು ಮತ್ತು ಉದ್ಯಮಿಗಳು ವರ್ಷಗಟ್ಟಲೆ ಬೆನ್ನುಬಿದ್ದ ಮೇಲೆ 2019ರಲ್ಲಿ ಮಾನ್ಯ ನವೋದ್ಯಮಗಳಿಗೆ ವಿನಾಯಿತಿಯ ಷರತ್ತು ಸಡಿಲವಾಯಿತು, ಆದರೆ 2023ರಲ್ಲಿ ಅನಿವಾಸಿ ಹೂಡಿಕೆಗೂ ತೆರಿಗೆ ಚಾಚಿತು, ಕೊನೆಗೆ 2024ರ ಜುಲೈ ಬಜೆಟ್ಟಿನಲ್ಲಿ ಎಲ್ಲ ವರ್ಗದ ಹೂಡಿಕೆದಾರರಿಗೂ ರದ್ದಾಯಿತು. ಹನ್ನೆರಡು ವರ್ಷ. ಆ ಮಾತುಕತೆಯಲ್ಲಿ ದೆಹಲಿ, ಮುಂಬಯಿ, ಬೆಂಗಳೂರಿನ ದನಿಗಳಿದ್ದವು. ಮಾನ್ಯತೆಯ ಮಿತಿಯ ಬಗ್ಗೆ ಈಗ ಸಣ್ಣ ಊರುಗಳ ಪರವಾಗಿ ಮಾತಾಡುವ ದನಿ ಬೇಕು, ಅದು ಉಡುಪಿಯಿಂದ ಯಾಕೆ ಬರಬಾರದು?

ಉದ್ಯಮಿಗಳ ಪರವಾಗಿಯೂ ಒಂದು ಮಾತು. ಹಣ ಹಾಕಿದವರು ಮೊದಲ ಸುತ್ತಿನಲ್ಲೇ ಅರ್ಧ ಕಂಪನಿ ಬರೆಸಿಕೊಂಡರೆ ಮುಂದೆ ಯಾರೂ ಆ ಕಂಪನಿಗೆ ಹಣ ಹಾಕುವುದಿಲ್ಲ, ಕಟ್ಟಿದವನಿಗೂ ದುಡಿಯುವ ಮನಸ್ಸಿರುವುದಿಲ್ಲ. ಬೇಡವೆಂದಾದರೆ ಎರಡು ವಾರದಲ್ಲಿ ಬೇಡವೆಂದು ಹೇಳಬೇಕು, ಕಾರಣವನ್ನೂ ಹೇಳಬೇಕು. ಆರು ತಿಂಗಳು ಕಾಯಿಸಿ ಸುಮ್ಮನಾಗುವುದು ಕ್ರೌರ್ಯ. ಸದಸ್ಯನಿಗೆ ಉದ್ಯಮಿಯೊಡನೆ ನಂಟಸ್ತಿಕೆ ಇದ್ದರೆ ಅದನ್ನು ಮೊದಲೇ ಬರೆದುಕೊಡಬೇಕು. ತಪಾಸಣೆಯ ವರದಿ ಕನ್ನಡದಲ್ಲಿರಬೇಕು. ಮಲ್ಲಿಗೆಯ ಬಗ್ಗೆ, ಮೀನಿನ ಬಗ್ಗೆ ಬಲ್ಲವರು ಅದನ್ನು ಓದಿ ತಪ್ಪು ತೋರಿಸುವಂತಾಗಬೇಕು.

ನಿವೃತ್ತ ಬ್ಯಾಂಕ್ ಅಧಿಕಾರಿಗಳಲ್ಲಿ, ಮುಂಬಯಿ–ದುಬಾಯಿಗಳಿಂದ ಮರಳಿದ ಹಿರಿಯರಲ್ಲಿ, ವೈದ್ಯರಲ್ಲಿ, ಗೇರು ಮತ್ತು ಮೀನಿನ ಉದ್ಯಮದವರಲ್ಲಿ, ಉಳಿತಾಯದ ಲೆಕ್ಕವನ್ನು ಗಂಡಸರಿಗಿಂತ ಚೆನ್ನಾಗಿ ಬಲ್ಲ ತಾಯಂದಿರಲ್ಲಿ ನನ್ನ ಬೇಡಿಕೆ ಇದು. ಈಗಲೇ ಹಣ ತರಬೇಡಿ. ಮಣಿಪಾಲದ ಅಥವಾ ನಿಟ್ಟೆಯ ಇನ್‌ಕ್ಯುಬೇಟರಿಗೆ ಹೋಗಿ, ನಿಮಗೆ ಗೊತ್ತಿರುವ ಕೆಲಸಕ್ಕೆ ಸಂಬಂಧಪಟ್ಟ ಒಂದು ಕಂಪನಿಯನ್ನು ಆರಿಸಿಕೊಂಡು, ಅದಕ್ಕೆ ನಿಮ್ಮ ಇಪ್ಪತ್ತು ಗಂಟೆ ಕೊಡಿ. ಹಾಗೆ ಕೊಟ್ಟ ಹತ್ತು ಜನ ಈ ಊರಿನಲ್ಲಿ ಸಿಕ್ಕ ದಿನ ಸಂಘದ ಮೊದಲ ಸಭೆ ಕರೆಯಿರಿ.